ಹೆಸರಿನಲ್ಲಷ್ಟೇ ಮಾತು: ಫಿಲ್ ಕೇಗಿಯ ‘ಬಿಯಾಂಡ್ ನೇಚರ್’

‘ಬಿಯಾಂಡ್ ನೇಚರ್’ ಅಮೆರಿಕದ ಗಿಟಾರ್ ವಾದಕ ಫಿಲ್ ಕೇಗಿ 1991ರಲ್ಲಿ ಹೊರತಂದ ವಾದ್ಯಸಂಗೀತದ ಆಲ್ಬಂ. ಇದನ್ನು ಬಿಡುಗಡೆ ಮಾಡಿದ್ದು ಕ್ರೈಸ್ತ ಸಂಗೀತದ ಲೇಬಲ್ ಆಗಿದ್ದ ಮಿರ್ ರೆಕಾರ್ಡ್ಸ್. ಆಲ್ಬಂ ತುಂಬ ಅಕೂಸ್ಟಿಕ್ ಗಿಟಾರಿನದೇ ಯಜಮಾನಿಕೆ. ಅಲ್ಲಲ್ಲಿ ತಂತಿವಾದ್ಯಗಳ ಮೇಳ ಬಂದು ಸೇರಿಕೊಳ್ಳುತ್ತದೆ. ಹಾಡುವ ದನಿ ಮಾತ್ರ ಇಲ್ಲ.

ಈ ಇಲ್ಲದಿರುವಿಕೆಯೇ ಇಲ್ಲಿ ಮುಖ್ಯ ಸಂಗತಿ. ‘ಕಂಟೆಂಪರರಿ ಕ್ರಿಶ್ಚಿಯನ್ ಮ್ಯೂಸಿಕ್’ ಎಂಬ ಪ್ರಕಾರ ಹುಟ್ಟಿದ್ದು 1960ರ ದಶಕದ ಕೊನೆಯಲ್ಲಿ, ಕ್ಯಾಲಿಫೋರ್ನಿಯಾದ ಹಿಪ್ಪಿ ಹುಡುಗರ ನಡುವೆ ಹಬ್ಬಿದ ‘ಜೀಸಸ್ ಮೂವ್‌ಮೆಂಟ್’ನಿಂದ. ರಾಕ್ ಸಂಗೀತಕ್ಕೆ ಕ್ರಿಸ್ತನ ಕುರಿತ ಹಾಡು ಕಟ್ಟಿದವರಲ್ಲಿ ಲ್ಯಾರಿ ನಾರ್ಮನ್ ಮೊದಲಿಗರ ಸಾಲಿಗೆ ಸೇರಿದವರು. ಅವರ ‘ಅಪಾನ್ ದಿಸ್ ರಾಕ್’ ಬಂದದ್ದು 1969ರಲ್ಲಿ. ಬ್ಲೂಸ್, ಜಾಝ್, ಕಂಟ್ರಿಗಳನ್ನು ಕಿವಿಯೇ ಗುರುತು ಹಿಡಿಯುತ್ತದೆ. ಈ ಪ್ರಕಾರಕ್ಕೆ ಅಂಥ ಸ್ವಂತ ನಾದವಿಲ್ಲ. ಅದು ರಾಕ್ ಆಗಬಹುದು, ಜಾನಪದ ಆಗಬಹುದು, ಪಾಪ್ ಆಗಬಹುದು. ಕ್ರೈಸ್ತ ಎನ್ನಿಸಿಕೊಳ್ಳುವುದು ಸಾಹಿತ್ಯದಿಂದ. ಆ ಸಾಹಿತ್ಯವನ್ನೇ ತೆಗೆದುಬಿಟ್ಟರೆ ಉಳಿಯುವುದೇನು ಎಂಬ ಪ್ರಶ್ನೆಯನ್ನು ಇಲ್ಲಿನ ಪ್ರತಿ ವಾದ್ಯಸಂಗೀತದ ಆಲ್ಬಮ್ಮೂ ಎದುರಿಸಬೇಕು. ಕರ್ನಾಟಕ ಸಂಗೀತದ ಕೇಳುಗರಿಗೆ ಈ ಪೇಚು ಅಷ್ಟಾಗಿ ಗೊತ್ತಿಲ್ಲ. ಕೊಳಲಿನಲ್ಲಿ ದೇವರನಾಮ ನುಡಿದರೆ ಬಾಯಿಪಾಠವಿದ್ದವರ ಮನಸ್ಸು ತಾನೇ ಸಾಹಿತ್ಯ ತುಂಬಿಕೊಳ್ಳುತ್ತದೆ. ಕೇಗಿಯ ರಚನೆಗಳು ಬಹುಪಾಲು ಹೊಸವು. ಮನಸ್ಸು ತುಂಬಿಕೊಳ್ಳಲು ಅಲ್ಲಿ ಹಳೆಯ ಪದಗಳಿಲ್ಲ.

ಕೇಗಿ ಹುಟ್ಟಿದ್ದು 1951ರಲ್ಲಿ, ಒಹಾಯೊ ರಾಜ್ಯದ ಯಂಗ್ಸ್‌ಟೌನ್‌ನಲ್ಲಿ. ನಾಲ್ಕನೇ ವಯಸ್ಸಿನಲ್ಲಿ ನೀರಿನ ಪಂಪಿಗೆ ಸಿಕ್ಕಿ ಬಲಗೈಯ ನಡುಬೆರಳಿನ ಅರ್ಧ ಹೋಯಿತು. ಬೆರಳಿನಿಂದಲೇ ತಂತಿ ಮೀಟುವ ಶೈಲಿಯಲ್ಲಿ ಹೆಬ್ಬೆರಳು ಮಂದ್ರದ ತಂತಿಗಳನ್ನು ನೋಡಿಕೊಂಡರೆ ತೋರು, ನಡು, ಉಂಗುರದ ಬೆರಳುಗಳಿಗೆ ಮೇಲಿನ ಸ್ಥಾಯಿಯ ಒಂದೊಂದು ತಂತಿ ವಹಿಸಿಕೊಡುವುದು ವಾಡಿಕೆ. ನಡುಬೆರಳು ಮೊಂಡಾದವರಿಗೆ ಈ ಹಂಚಿಕೆ ಪಾಠದ ಪುಸ್ತಕದಲ್ಲಿದ್ದಂತೆ ಕೂಡಿಬರುವುದಿಲ್ಲ. ಕೇಗಿಯ ವಾದನ ಕೇಳುವಾಗ ಮಾತ್ರ ಎಲ್ಲಿಯೂ ಒಂದು ಬೆರಳಿನ ಕೊರತೆ ಕಿವಿಗೆ ತಾಗದು.

1968ರಲ್ಲಿ ಗೆಳೆಯರೊಡನೆ ಕಟ್ಟಿದ ‘ಗ್ಲಾಸ್ ಹಾರ್ಪ್’ ಎಂಬ ರಾಕ್ ತಂಡದಿಂದ ಅವರ ಹೆಸರು ಓಡಾಡತೊಡಗಿತು. 1970ರ ಫೆಬ್ರುವರಿಯಲ್ಲಿ ತಾಯಿ ಕಾರು ಅಪಘಾತದಲ್ಲಿ ತೀರಿಕೊಂಡರು. ಆ ದುಃಖದ ದಿನಗಳಲ್ಲೇ ಕೇಗಿ ಕ್ರೈಸ್ತ ನಂಬಿಕೆಯತ್ತ ತಿರುಗಿದರು. 1972ರಲ್ಲಿ ತಂಡ ಬಿಟ್ಟು, ಮರುವರ್ಷ ‘ವಾಟ್ ಎ ಡೇ’ ಆಲ್ಬಂನೊಂದಿಗೆ ಸ್ವತಂತ್ರ ದಾರಿ ಹಿಡಿದರು. ಜಗತ್ತಿನ ಅತ್ಯುತ್ತಮ ಗಿಟಾರ್ ವಾದಕ ಕೇಗಿಯೇ ಎಂದು ರಾಕ್ ಗಿಟಾರಿನ ದಿಗ್ಗಜ ಜಿಮಿ ಹೆಂಡ್ರಿಕ್ಸ್ ಟಿವಿಯಲ್ಲಿ ಹೇಳಿದ್ದರಂತೆ ಎಂಬ ಕತೆ ಅಭಿಮಾನಿಗಳ ನಡುವೆ ಇಂದಿಗೂ ಸುತ್ತುತ್ತದೆ. ಅದನ್ನು ಸ್ವತಃ ಕೇಗಿಯೇ ಅಲ್ಲಗಳೆದಿದ್ದಾರೆ. ಹೆಂಡ್ರಿಕ್ಸ್ ತೀರಿಕೊಂಡದ್ದು 1970ರ ಸೆಪ್ಟೆಂಬರಿನಲ್ಲಿ. ಗ್ಲಾಸ್ ಹಾರ್ಪ್‌ನ ಮೊದಲ ಆಲ್ಬಂ ಧ್ವನಿಮುದ್ರಣವಾದದ್ದು ಅದರ ನಂತರ, ಅದೂ ಹೆಂಡ್ರಿಕ್ಸ್ ಕಟ್ಟಿಸಿದ ಎಲೆಕ್ಟ್ರಿಕ್ ಲೇಡಿ ಸ್ಟುಡಿಯೊದಲ್ಲಿ. ಕತೆ ಹುಟ್ಟಲು ಅಷ್ಟು ಸಾಕಾಗಿರಬೇಕು.

ಕೇಗಿಯ ಮೊದಲ ವಾದ್ಯಸಂಗೀತದ ಆಲ್ಬಂ 1978ರ ‘ದಿ ಮಾಸ್ಟರ್ ಅಂಡ್ ದಿ ಮ್ಯುಸಿಷಿಯನ್’. 1987ರಲ್ಲಿ ‘ದಿ ವಿಂಡ್ ಅಂಡ್ ದಿ ವೀಟ್’ ಬಂತು. ‘ಬಿಯಾಂಡ್ ನೇಚರ್’ ಇವುಗಳ ನಂತರದ್ದು.

ಆಲ್ಬಂನ ಹೆಸರೂ ಕೆಲವು ರಚನೆಗಳ ಹೆಸರುಗಳೂ ಬೆರಳು ತೋರಿಸುವುದು ಲೇಖಕ ಸಿ. ಎಸ್. ಲೂಯಿಸ್ ಕಡೆಗೆ. ‘ಕೌಂಟಿ ಡೌನ್’ ಉತ್ತರ ಐರ್ಲೆಂಡಿನ ಒಂದು ಜಿಲ್ಲೆ, ಬೆಲ್‌ಫಾಸ್ಟ್‌ನಲ್ಲಿ ಹುಟ್ಟಿದ ಲೂಯಿಸ್ ಬದುಕಿನುದ್ದಕ್ಕೂ ಪ್ರೀತಿಸಿದ ಸೀಮೆ. ‘ಬ್ರದರ್ ಜ್ಯಾಕ್’ನಲ್ಲಿರುವ ಜ್ಯಾಕ್, ಮನೆಯವರೂ ಗೆಳೆಯರೂ ಲೂಯಿಸ್‌ರನ್ನು ಕರೆಯುತ್ತಿದ್ದ ಹೆಸರು. ‘ಅಡಿಸನ್ಸ್ ವಾಕ್’ ಆಕ್ಸ್‌ಫರ್ಡ್‌ನ ಮಾಡ್ಲಿನ್ ಕಾಲೇಜಿನ ಆವರಣದಲ್ಲಿ ಹೊಳೆಯ ಅಂಚಿಗೆ ಸುತ್ತಿಬರುವ, ಮರಗಳ ನೆರಳಿನ ಕಾಲುದಾರಿ. 1931ರ ಸೆಪ್ಟೆಂಬರ್ 19ರ ರಾತ್ರಿ ಲೂಯಿಸ್ ಮತ್ತು ಅವರ ಗೆಳೆಯರಾದ ಜೆ. ಆರ್. ಆರ್. ಟೋಲ್ಕೀನ್, ಹ್ಯೂಗೊ ಡೈಸನ್ ಅಲ್ಲಿ ಪುರಾಣಕತೆ ಮತ್ತು ಸತ್ಯದ ಬಗ್ಗೆ ಮಾತಾಡುತ್ತ ಅಡ್ಡಾಡಿದರು. ಕೆಲವೇ ದಿನಗಳಲ್ಲಿ ಲೂಯಿಸ್ ತಮ್ಮನ್ನು ಕ್ರೈಸ್ತ ಎಂದು ಒಪ್ಪಿಕೊಂಡರು. ಇದಿಷ್ಟು ತಿಳಿದವರಿಗೆ ಆ ರಚನೆ ಒಂದು ನಡಿಗೆಯಾಗಿ ಕೇಳಿಸುತ್ತದೆ. ತಿಳಿಯದವರಿಗೆ ಅದು ಇಂಪಾದ ಗಿಟಾರ್ ವಾದನ, ಅದರಿಂದ ನಷ್ಟವೇನೂ ಇಲ್ಲ.

ಹಳೆಯ ಸಾಹಿತ್ಯದ ನೆನಪಿಗೆ ಇಲ್ಲಿ ಅವಕಾಶವಿರುವುದು ‘ಐ ಫೀಲ್ ದಿ ವಿಂಡ್ಸ್ ಆಫ್ ಗಾಡ್ ಟುಡೇ’ ರಚನೆಯಲ್ಲಿ. ಇದು ಚರ್ಚುಗಳಲ್ಲಿ ‘ಕಿಂಗ್ಸ್‌ಫೋಲ್ಡ್’ ಎಂಬ ಧಾಟಿಗೆ ಹಾಡುವ ಕೀರ್ತನೆ. ಆ ಧಾಟಿ ಹುಟ್ಟಿದ್ದು ಚರ್ಚಿನಲ್ಲಲ್ಲ. ಇಂಗ್ಲೆಂಡಿನ ಕಿಂಗ್ಸ್‌ಫೋಲ್ಡ್ ಎಂಬ ಹಳ್ಳಿಯಲ್ಲಿ ಜನಪದ ಹಾಡಾಗಿ ಕೇಳಿಸಿದ್ದನ್ನು ಸಂಗೀತಕಾರ ರಾಲ್ಫ್ ವಾನ್ ವಿಲಿಯಮ್ಸ್ 1906ರ ‘ದಿ ಇಂಗ್ಲಿಷ್ ಹಿಮ್ನಲ್’ಗೆ ಅಳವಡಿಸಿದರು. ಅದೇ ಧಾಟಿಯ ಇನ್ನೊಂದು ರೂಪ ಐರ್ಲೆಂಡಿನ ‘ಸ್ಟಾರ್ ಆಫ್ ದಿ ಕೌಂಟಿ ಡೌನ್’ ಎಂಬ ಪ್ರೇಮಗೀತೆಯಲ್ಲಿದೆ. ಪ್ರೇಮಕ್ಕೂ ಪ್ರಾರ್ಥನೆಗೂ ಒಂದೇ ಮಟ್ಟು ಒದಗಿತೆಂದರೆ ನಾದಕ್ಕೆ ಸ್ವಂತ ಮತವಿಲ್ಲ ಎಂದಾಯಿತು. ಕೇಗಿಯ ಆಲ್ಬಂನಲ್ಲಿ ಧಾರ್ಮಿಕ ಸುಳಿವುಗಳ ಹೊರೆಯನ್ನು ಶೀರ್ಷಿಕೆಗಳು ಹೊತ್ತಿರುವುದಕ್ಕೂ ಇದೇ ಕಾರಣ. ಹಾಗೆಂದು ಎಲ್ಲ ಶೀರ್ಷಿಕೆಗಳೂ ಆ ಹೊರೆ ಹೊತ್ತಿಲ್ಲ: ‘ಕೌಂಟಿ ಡೌನ್’, ‘ಫ್ರ್ಯಾಜೈಲ್ ಫಾರೆಸ್ಟ್’ ಮೊದಲಾದ ಹೆಸರುಗಳಲ್ಲಿ ದೇವರ ಸುದ್ದಿಯೇ ಇಲ್ಲ. ‘ಸಿಂಫೊನಿಕ್ ಡ್ಯಾನ್ಸ್’ ಹೆಸರಿಗೆ ತಕ್ಕಂತೆ ಬರಿಯ ಕುಣಿತ.

ಕೇಗಿ ಗಿಟಾರಿನ ಆರು ತಂತಿಗಳನ್ನು ರೂಢಿಯ ಶ್ರುತಿಯಲ್ಲೇ ಬಿಡುವವರಲ್ಲ. ಕೆಲವು ತಂತಿಗಳನ್ನು ಇಳಿಸಿ ಕಟ್ಟಿಕೊಂಡಾಗ ಬೆರಳೂರದ ತಂತಿಗಳು ತಂಬೂರಿಯ ಹಾಗೆ ಹಿನ್ನೆಲೆಯಲ್ಲಿ ಮೊಳಗುತ್ತಿರುತ್ತವೆ, ಮೇಲೆ ಮಟ್ಟು ಹರಿಯುತ್ತದೆ. ಇಂಥ ವಾದನದಲ್ಲಿ ಒಬ್ಬರೇ ನುಡಿಸುತ್ತಿದ್ದರೂ ಇಬ್ಬರಿದ್ದಾರೆ ಎನ್ನಿಸುವುದುಂಟು.

ನ್ಯಾಶ್‌ವಿಲ್‌ನ ಗಾಸ್ಪೆಲ್ ಮ್ಯೂಸಿಕ್ ಅಸೋಸಿಯೇಷನ್ ಕೊಡುವ ಡವ್ ಪ್ರಶಸ್ತಿಗಳಲ್ಲಿ ವಾದ್ಯಸಂಗೀತದ ಆಲ್ಬಂಗೆ ಪ್ರತ್ಯೇಕ ವಿಭಾಗವಿತ್ತು. 1992ರಲ್ಲಿ ಅದು ‘ಬಿಯಾಂಡ್ ನೇಚರ್’ಗೆ ಸಂದಿತು. ಮುಂದೆ ಇದೇ ಪ್ರಕಾರದ ಜನಪ್ರಿಯ ಗಾಯಕ ಮೈಕಲ್ ಡಬ್ಲ್ಯು. ಸ್ಮಿತ್ ಕೂಡ 2000ದಲ್ಲಿ ‘ಫ್ರೀಡಂ’ ಎಂಬ ವಾದ್ಯಸಂಗೀತದ ಆಲ್ಬಂ ತಂದರು. ಕೇಗಿ 1996ರ ‘ಅಕೂಸ್ಟಿಕ್ ಸ್ಕೆಚಸ್’ನಲ್ಲಿ ಇನ್ನೊಂದು ದಾರಿ ನೋಡಿದರು: ನುಡಿಸಿದ್ದನ್ನು ಆ ಕ್ಷಣವೇ ಹಿಡಿದಿಟ್ಟು ಮತ್ತೆ ಮತ್ತೆ ಕೇಳಿಸುವ ‘ಲೂಪರ್’ ಯಂತ್ರ. ತಾವು ಈಗಷ್ಟೇ ನುಡಿಸಿದ್ದರ ಮೇಲೆ ತಾವೇ ಇನ್ನೊಂದು ಪದರ ಹಾಕುತ್ತ, ಒಂದೇ ಗಿಟಾರಿನಿಂದ ಮೇಳ ಕಟ್ಟಿದರು.