ಮಾಮನ ಪತ್ರಿಕೆ ನನ್ನ ಹೆಸರಲ್ಲಿ ತೆರೆದುಕೊಂಡ ದಿನ

ಒಂದು ಭಾನುವಾರ ಬೆಳಿಗ್ಗೆ ಸಾಗರದಿಂದ ಸೋದರಮಾವನ ಫೋನು. 'ಏನೋ, ನಮ್ಮ ಪತ್ರಿಕೆ ತೆರೆದ್ರೆ ಮೇಲ್ಗಡೆ ನಿನ್ನ ಹೆಸರು ಬರ್ತಿದೆ. ನೀನ್ಯಾವಾಗ ಸಂಪಾದಕ ಆದೆ?'

ಮಾಮ ನಿವೃತ್ತ ಮೇಷ್ಟ್ರು. ತಾವು ಹೊರತರುತ್ತಿದ್ದ ಸಣ್ಣ ಸಾಹಿತ್ಯ ಪತ್ರಿಕೆಯ ಹಳೆಯ ಸಂಚಿಕೆಗಳನ್ನು ಟೈಪ್ ಮಾಡಿಸಿ ವೆಬ್‌ಸೈಟಿಗೆ ಹಾಕಿದ್ದಾರೆ. ಅದಕ್ಕೆ ಬೇರೆ ದುಡ್ಡು ಯಾಕೆ ಅಂತ ನನ್ನ ಶೇರ್ಡ್ ಹೋಸ್ಟಿಂಗ್ ಖಾತೆಯಲ್ಲೇ ಅವರ ಡೊಮೇನನ್ನೂ ಸೇರಿಸಿದ್ದೆ. ಹಿಂದಿನ ರಾತ್ರಿ ನನ್ನ ಸೈಟಿಗೆ ಮೂರು ಸಾಲಿನ ಒಂದು ನಿಯಮ ಬರೆದಿದ್ದೆ, ಅಷ್ಟೇ. ಎಂಜಿನಿಯರಿಂಗ್ ಓದಿದವನು, ಮೂರು ಸಾಲಲ್ಲಿ ಏನಾದೀತು ಅನ್ನುವ ಧೈರ್ಯ.

ಶೇರ್ಡ್ ಹೋಸ್ಟಿಂಗ್ ಅಂದರೆ ವಠಾರದ ಮನೆ. ಮುಖ್ಯ ಸರ್ವರಿನ ಸೆಟ್ಟಿಂಗ್ ನಮ್ಮ ಕೈಗೆ ಸಿಗೋದಿಲ್ಲ. ಬದಲಿಗೆ ಪ್ರತಿ ಫೋಲ್ಡರಿನಲ್ಲೂ 'ಡಾಟ್ ಎಚ್‌ಟಿಆಕ್ಸೆಸ್' ಅನ್ನೋ ಫೈಲ್ ಇಟ್ಟು ಅಪಾಚೆ ಸರ್ವರಿಗೆ ಸೂಚನೆ ಕೊಡಬಹುದು. ಆ ಸೂಚನೆಗಳಲ್ಲಿ ವಿಳಾಸ ತಿರುಗಿಸುವುದು 'ಮಾಡ್ ರೀರೈಟ್'ನ ಕೆಲಸ. ರಾಲ್ಫ್ ಎಂಗೆಲ್‌ಶಾಲ್ 1996ರಲ್ಲಿ ಬರೆದದ್ದು. 'ರೀರೈಟ್‌ಕಾಂಡ್' ಅಂದರೆ ಷರತ್ತು, 'ರೀರೈಟ್‌ರೂಲ್' ಅಂದರೆ ಷರತ್ತು ಹೊಂದಿದಾಗ ಆಗಬೇಕಾದ ಕೆಲಸ.

ನಾನು ಬರೆದ ಷರತ್ತು ಹೀಗಿತ್ತು: ಬಂದ ಹೆಸರು ಡಬ್ಲ್ಯುಡಬ್ಲ್ಯುಡಬ್ಲ್ಯು ಸಹಿತ ನನ್ನ ಡೊಮೇನ್ ಅಲ್ಲದಿದ್ದರೆ, ಅಲ್ಲಿಗೇ ಕಳಿಸು. ಒಂದೇ ಡೊಮೇನ್ ಇರುವವರಿಗೆ ಇದು ಸರಿ. ಆದರೆ ಖಾತೆಗೆ ಸೇರಿಸಿದ ಎರಡನೇ ಡೊಮೇನಿನ ಫೋಲ್ಡರ್ ಎಷ್ಟೋ ಕಡೆ ಮೊದಲ ಡೊಮೇನಿನ ಫೋಲ್ಡರಿನ ಒಳಗೇ ಕೂತಿರುತ್ತದೆ. ನಮ್ಮದೂ ಹಾಗೇ. ಅಪಾಚೆ ಮೇಲಿನಿಂದ ಒಂದೊಂದೇ ಫೋಲ್ಡರ್ ಇಳಿಯುತ್ತಾ ನಿಯಮ ಓದಿಕೊಂಡು ಬರುತ್ತದೆ. ಮಾಮನ ಫೋಲ್ಡರಿನಲ್ಲಿ ಬರೀ ಎಚ್‌ಟಿಎಂಎಲ್ ಪುಟಗಳು, ಸ್ವಂತ ನಿಯಮ ಯಾವುದೂ ಇಲ್ಲ. ಹಾಗಾಗಿ ನನ್ನ ನಿಯಮವೇ ಅವರಿಗೂ ಅನ್ವಯ. ಅವರ ಡೊಮೇನ್ ನನ್ನದು 'ಅಲ್ಲ'ವಲ್ಲ, ಓದುಗ ಬಂದಕೂಡಲೇ ನನ್ನ ಡೊಮೇನಿನ ಕೆಳಗಿನ 'ಪತ್ರಿಕೆ' ಫೋಲ್ಡರಿಗೆ ಸಾಗಹಾಕಿತು.

ಸರಿ ಮಾಡೋದು ಎರಡು ಕಡೆ. ನನ್ನ ಫೈಲಿನಲ್ಲಿ 'ಅಲ್ಲದಿದ್ದರೆ' ತೆಗೆದು 'ಆಗಿದ್ದರೆ' ಹಾಕಿದೆ: ಬಂದ ಹೆಸರು ಡಬ್ಲ್ಯುಡಬ್ಲ್ಯುಡಬ್ಲ್ಯು ಇಲ್ಲದ ನನ್ನ ಡೊಮೇನೇ ಆಗಿದ್ದರೆ ಮಾತ್ರ ತಿರುಗಿಸು. ಮಾಮನ ಫೋಲ್ಡರಿಗೆ ಬೇರೆಯದೇ ಫೈಲ್ ಇಟ್ಟೆ. ಅದರಲ್ಲಿ ರೀರೈಟ್ ಎಂಜಿನ್ ಆನ್ ಮಾಡಿದರೆ ಸಾಕು, ಮೇಲಿನ ಫೋಲ್ಡರಿನ ನಿಯಮಗಳು ಅಲ್ಲಿಗೆ ಅನ್ವಯವಾಗೋದಿಲ್ಲ. ಬೇಕೆಂದೇ 'ಇನ್‌ಹೆರಿಟ್' ಅಂತ ಬರೆದರೆ ಮಾತ್ರ ಬರುತ್ತವೆ. ಜೊತೆಗೆ, ಈ ಫೋಲ್ಡರಿಗೆ ಬೇರೆ ಯಾವ ಹೆಸರಿನಿಂದ ಬಂದರೂ ಪತ್ರಿಕೆಯ ಡೊಮೇನಿಗೇ ಕಳಿಸು ಅಂತ ಬರೆದೆ. ಇಲ್ಲಿ 'ಅಲ್ಲದಿದ್ದರೆ' ಬಳಸಬಹುದು, ಆ ಫೋಲ್ಡರಿಗೆ ಒಬ್ಬರೇ ಯಜಮಾನರು. ಇದು ಇಲ್ಲದಿದ್ದರೆ ಒಂದೇ ಲೇಖನ ಎರಡು ವಿಳಾಸದಲ್ಲಿ ಸಿಗುತ್ತದೆ, ಯಾವುದು ಅಸಲಿ ಅಂತ ಗೂಗಲ್ ತಾನೇ ತೀರ್ಮಾನ ಮಾಡುತ್ತದೆ.

ನನಗೆ ಎಲ್ಲ ಸರಿ ಕಾಣ್ತಿತ್ತು. ಮಾಮನಿಗೆ ಮಾತ್ರ 'ವಿಪರೀತ ಸಲ ತಿರುಗಿಸಲಾಗಿದೆ' ಅನ್ನೋ ದೂರು. ಕಾರಣ, ರಾತ್ರಿ ನಾನು ಕೊಟ್ಟಿದ್ದ ಸಂಖ್ಯೆ 301. 'ಕಾಯಂ ಆಗಿ ಮನೆ ಬದಲಾಯಿಸಿದ್ದಾರೆ' ಅಂತ ಅರ್ಥ. ಬ್ರೌಸರ್ ಅದನ್ನು ನೆನಪಿಟ್ಟುಕೊಂಡು, ಮುಂದಿನ ಸಲ ಸರ್ವರನ್ನು ಕೇಳದೆಯೇ ನನ್ನ ಸೈಟಿಗೆ ಹೋಗುತ್ತದೆ. ಹೊಸ ನಿಯಮ ಅಲ್ಲಿಂದ ಪತ್ರಿಕೆಗೆ ಕಳಿಸುತ್ತದೆ. ಹೀಗೇ ಗಾಣದೆತ್ತಿನ ಸುತ್ತು. ಫೋನಿನಲ್ಲೇ ಅವರಿಂದ ಕ್ಯಾಷ್ ಅಳಿಸಲು ಇಪ್ಪತ್ತು ನಿಮಿಷ ಹಿಡಿಯಿತು. ಪರೀಕ್ಷೆ ಮಾಡುವಾಗ ತಾತ್ಕಾಲಿಕ ಅನ್ನುವ 302 ಕೊಡಿ, ಎರಡು ದಿನ ನೋಡಿ ಆಮೇಲೆ 301 ಮಾಡಿ.

ಕನ್ನಡ ಅಕ್ಷರಗಳ ಲಿಂಕ್ ಇಟ್ಟವರಿಗೆ ಇನ್ನೊಂದು ಮಾತು. 'ಕನ್ನಡ' ಅನ್ನೋ ಪದ ಲಿಂಕಿನೊಳಗೆ 45 ಚಿಹ್ನೆಗಳ ಶೇಕಡಾ ಸರಮಾಲೆ ಆಗುತ್ತದೆ. ರೀರೈಟ್‌ರೂಲ್ ಹೋಲಿಸಿ ನೋಡುವುದು ಅದನ್ನು ಬಿಡಿಸಿದ ಮೇಲೆ. ಆದ್ದರಿಂದ ನಿಯಮದ ಎಡಭಾಗದಲ್ಲಿ ಸರಮಾಲೆ ಬೇಡ, ನೇರ ಕನ್ನಡವನ್ನೇ ಬರೆದು ಯುಟಿಎಫ್-8ರಲ್ಲಿ ಉಳಿಸಿ.

ಇಷ್ಟೆಲ್ಲ ಒದ್ದಾಟ ಯಾಕೆ, ಹಳೆಯ ಲಿಂಕುಗಳನ್ನೆಲ್ಲ ಮುಖಪುಟಕ್ಕೆ ತಿರುಗಿಸಿಬಿಡಿ ಅನ್ನುವವರಿದ್ದಾರೆ. ಅದು ಸೋಮಾರಿತನ. ಒಂದು ಕಥೆ ಹುಡುಕಿ ಬಂದವರನ್ನು ಬಾಗಿಲಲ್ಲಿ ನಿಲ್ಲಿಸಿ ಕೈತೊಳೆದುಕೊಂಡ ಹಾಗೆ. ಗೂಗಲ್ ಕೂಡ ಅಂಥದ್ದನ್ನು 'ಪುಟವೇ ಇಲ್ಲ' ಅಂತಲೇ ಎಣಿಸುತ್ತದೆ. ಮಾಮನ ಪತ್ರಿಕೆಯ ನಾಲ್ಕು ಲಿಂಕುಗಳು ಹುಡುಗಿಯೊಬ್ಬಳ ಪಿಎಚ್‌ಡಿ ಪ್ರಬಂಧದ ಅಡಿಟಿಪ್ಪಣಿಯಲ್ಲಿವೆ, ಅಚ್ಚಾಗಿ, ಬೈಂಡ್ ಆಗಿ. ಸರ್ವರಿನಲ್ಲಿ ನಾನು ಏನೇ ತಿದ್ದಿದರೂ ಆ ಕಾಗದದ ಮೇಲಿನ ವಿಳಾಸ ತಿದ್ದೋದಕ್ಕೆ ಆಗಲ್ಲ. ಆವತ್ತು ಸಂಜೆ ಆ ನಾಲ್ಕನ್ನೂ ಒಂದೊಂದಾಗಿ ಟೈಪ್ ಮಾಡಿ ನೋಡಿದೆ. ಮೂರು ತೆರೆದವು. ನಾಲ್ಕನೆಯದರ ಫೈಲನ್ನು ಮಾಮನೇ ಯಾವಾಗಲೋ ಬೇರೆ ಹೆಸರಿಗೆ ಬದಲಾಯಿಸಿದ್ದರು. ಅದಕ್ಕೂ ಒಂದು ಸಾಲು ಬರೆದೆ. ಈ ಸಲ 302.