ಪರದೆ ಕಪ್ಪು, ಕರ್ನಲ್ ಎಚ್ಚರ

ಲಿನಕ್ಸ್ ಕಂಪ್ಯೂಟರಿನಲ್ಲಿ ಅಪ್‌ಡೇಟ್ ಮುಗಿಸಿ ರೀಬೂಟ್ ಮಾಡುತ್ತೀರಿ. ತಯಾರಕರ ಲೋಗೊ ಬರುತ್ತದೆ, ಗ್ರಬ್ ಮೆನು ಬರುತ್ತದೆ, ಆಮೇಲೆ ಪರದೆ ಕಪ್ಪು. ಫ್ಯಾನು ತಿರುಗುತ್ತಿದೆ. ಕ್ಯಾಪ್ಸ್ ಲಾಕ್ ಒತ್ತಿದರೆ ಪುಟ್ಟ ದೀಪ ಹತ್ತುತ್ತದೆ, ಆರುತ್ತದೆ. ಕರ್ನಲ್ ಬದುಕಿದೆ ಎನ್ನಲು ಅಷ್ಟು ಸಾಕು. ಚಿತ್ರ ಮಾತ್ರ ಹೊರಗೆ ಬರುತ್ತಿಲ್ಲ. ಈ ಹೊತ್ತಿನಲ್ಲಿ ಎಲ್ಲವನ್ನೂ ಅಳಿಸಿ ಹೊಸದಾಗಿ ಇನ್‌ಸ್ಟಾಲ್ ಮಾಡಲು ಕೂರುವವರೇ ಹೆಚ್ಚು. ನೆಗಡಿಯಾಯಿತೆಂದು ಮೂಗು ಕೊಯ್ದುಕೊಳ್ಳುವ ಚಿಕಿತ್ಸೆ ಇದು.

ಲೋಗೊ ಕಂಡಿತಲ್ಲ, ಮತ್ತೆ ಕಪ್ಪಾದದ್ದು ಏಕೆ? ಲೋಗೊ ಮತ್ತು ಗ್ರಬ್ ಮೆನು ಮೂಡುವುದು ಮದರ್‌ಬೋರ್ಡಿನ ಫರ್ಮ್‌ವೇರ್ ಸಿದ್ಧಮಾಡಿಟ್ಟ ಸರಳ ಫ್ರೇಮ್‌ಬಫರಿನಲ್ಲಿ. ಅದಕ್ಕೆ ಗ್ರಾಫಿಕ್ಸ್ ಡ್ರೈವರಿನ ಹಂಗಿಲ್ಲ. ಕರ್ನಲ್ ಎದ್ದ ಮೇಲೆ ಡ್ರೈವರ್ ಬಂದು ಪರದೆಯನ್ನು ತನ್ನ ವಶಕ್ಕೆ ತೆಗೆದುಕೊಂಡು, ರೆಸಲ್ಯೂಶನ್ನು, ರಿಫ್ರೆಶ್ ದರವನ್ನು ತಾನೇ ನಿಗದಿ ಮಾಡುತ್ತದೆ. ಇದಕ್ಕೆ ಕರ್ನಲ್ ಮೋಡ್ ಸೆಟ್ಟಿಂಗ್ ಎಂದು ಹೆಸರು. ಇಂಟೆಲ್ ಚಿಪ್‌ಗಳ ಮೂಲಕ ಈ ವ್ಯವಸ್ಥೆ 2009ರಲ್ಲಿ ಕರ್ನಲ್ 2.6.29ಕ್ಕೆ ಬಂತು. ಎಡವಟ್ಟು ಆಗುವುದು ಹೆಚ್ಚಾಗಿ ಈ ಕೈ ಬದಲಾವಣೆಯ ಕ್ಷಣದಲ್ಲೇ.

ಗ್ರಬ್ ಮೆನುವಿನಲ್ಲಿ ‘ಇ’ ಒತ್ತಿ, ‘ಲಿನಕ್ಸ್’ ಎಂದು ಶುರುವಾಗುವ ಸಾಲಿನ ಕೊನೆಗೆ ‘ನೋಮೋಡ್‌ಸೆಟ್’ ಸೇರಿಸಿದರೆ ಈ ಕೈ ಬದಲಾವಣೆಯೇ ತಪ್ಪುತ್ತದೆ. ಫರ್ಮ್‌ವೇರಿನ ಫ್ರೇಮ್‌ಬಫರಿನಲ್ಲೇ ಹೇಗೋ ಡೆಸ್ಕ್‌ಟಾಪ್ ಕಾಣಿಸಿಕೊಳ್ಳುತ್ತದೆ. ಇದು ಒಳಗೆ ಹೋಗಿ ನೋಡಲು ಸಿಕ್ಕ ಕಿಟಕಿ, ಅಷ್ಟೆ. ಇದನ್ನೇ ಕಾಯಂ ಮಾಡಿಕೊಂಡು, ವಿಡಿಯೊ ಯಾಕೆ ತಡವರಿಸುತ್ತದೆ ಎಂದು ತಲೆ ಕೆರೆದುಕೊಳ್ಳುವವರಿದ್ದಾರೆ. ‘ಜಿಎಲ್‌ಎಕ್ಸ್‌ಇನ್ಫೊ’ ಓಡಿಸಿದರೆ ಕಾರ್ಡಿನ ಹೆಸರಿರಬೇಕಾದ ಜಾಗದಲ್ಲಿ ‘ಎಲ್‌ಎಲ್‌ವಿಎಂಪೈಪ್’ ಎಂದಿರುತ್ತದೆ. ಕಾರ್ಡು ಸುಮ್ಮನೆ ಕೂತಿದೆ, ಸಿಪಿಯು ಒಂದೊಂದು ಪಿಕ್ಸೆಲನ್ನೂ ತಾನೇ ಬರೆಯುತ್ತಿದೆ ಎಂದು ಅರ್ಥ.

ಇಂಟೆಲ್, ಎಎಂಡಿ ಕಾರ್ಡುಗಳಲ್ಲೂ ತೊಂದರೆ ಬಾರದೆ ಇಲ್ಲ. ಆದರೆ ಅವುಗಳ ಡ್ರೈವರ್ ಕರ್ನಲಿನ ಮೂಲ ಸಂಕೇತದೊಳಗೇ ಇರುವುದರಿಂದ, ಒಳರಚನೆ ಬದಲಿಸಿದವರೇ ಡ್ರೈವರನ್ನೂ ತಿದ್ದಿಬಿಡುತ್ತಾರೆ. ಎನ್ವಿಡಿಯಾ ಕೊಡುವ ಡ್ರೈವರ್ ಹೊರಗಿನದು. ಲಿನಕ್ಸ್ ಕರ್ನಲ್ ತನ್ನ ಒಳಗಿನ ಒಪ್ಪಂದಗಳನ್ನು ಹೊರಗಿನವರಿಗಾಗಿ ಸ್ಥಿರವಾಗಿಡುವುದಿಲ್ಲ. ಅದು ಬೇಕೆಂದೇ ತಳೆದ ನಿಲುವು. ಹಾಗಾಗಿ ಕರ್ನಲ್ ಹೊಸದಾದಾಗಲೆಲ್ಲ ಆ ಮಾಡ್ಯೂಲನ್ನು ಮತ್ತೆ ಕಟ್ಟಬೇಕು. ಈ ಕೆಲಸವನ್ನು ತಾನಾಗಿ ಮಾಡಲೆಂದು ಡೆಲ್ ಕಂಪನಿಯವರು ರೂಪಿಸಿದ್ದು ಡಿಕೆಎಂಎಸ್. ಕರ್ನಲ್ ಹೆಡರ್ ಪ್ಯಾಕೇಜ್ ಇಲ್ಲದಿದ್ದರೆ, ಇಲ್ಲವೇ ಹಳೆಯ ಡ್ರೈವರಿಗೆ ಹೊಸ ಕರ್ನಲ್ ಅರ್ಥವಾಗದಿದ್ದರೆ ಕಟ್ಟಡ ಅರ್ಧಕ್ಕೇ ನಿಲ್ಲುತ್ತದೆ. ಮುಕ್ತ ಡ್ರೈವರ್ ‘ನೂವೊ’ವನ್ನು ಇನ್‌ಸ್ಟಾಲ್ ಸಮಯದಲ್ಲೇ ನಿಷೇಧ ಪಟ್ಟಿಗೆ ಸೇರಿಸಿ ಆಗಿರುತ್ತದೆ. ಅದೂ ಇಲ್ಲ, ಇದೂ ಇಲ್ಲ. ಗ್ರಬ್‌ನಲ್ಲಿ ಹಿಂದಿನ ಕರ್ನಲ್ ಆರಿಸಿ ನೋಡಿ. ಡೆಸ್ಕ್‌ಟಾಪ್ ಬಂದರೆ ರೋಗ ಇದೇ ಎಂದು ಬಹುಮಟ್ಟಿಗೆ ಹೇಳಬಹುದು.

2012ರಲ್ಲಿ ಫಿನ್ಲೆಂಡಿನ ಆಲ್ಟೊ ವಿಶ್ವವಿದ್ಯಾಲಯದ ಸಭೆಯಲ್ಲಿ ಲಿನಕ್ಸಿನ ಜನಕ ಲಿನಸ್ ಟೋರ್ವಾಲ್ಡ್ಸ್ ಎನ್ವಿಡಿಯಾಗೆ ಕ್ಯಾಮೆರಾದ ಮುಂದೆಯೇ ಮಧ್ಯದ ಬೆರಳು ತೋರಿಸಿದ್ದು ಪ್ರಸಿದ್ಧ. ಹತ್ತು ವರ್ಷದ ಮೇಲೆ, 2022ರ ಮೇ ತಿಂಗಳಲ್ಲಿ, ಕಂಪನಿ ತನ್ನ ಕರ್ನಲ್ ಮಾಡ್ಯೂಲುಗಳ ಸಂಕೇತವನ್ನು ಟ್ಯೂರಿಂಗ್ ಮತ್ತು ಅದರ ನಂತರದ ಚಿಪ್‌ಗಳಿಗಾಗಿ ಬಹಿರಂಗ ಮಾಡಿತು. ಒಳ್ಳೆಯದೇ. ಆದರೆ ಅವೂ ಕರ್ನಲಿನ ಹೊರಗೇ ಉಳಿದಿವೆ, ಮರಳಿ ಕಟ್ಟುವ ಗೋಳು ತಪ್ಪಿಲ್ಲ.

ಕಟ್ಟಡ ಸರಿಯಾಗಿಯೇ ಮುಗಿದು ಬಾಗಿಲಲ್ಲಿ ತಡೆ ಬೀಳುವುದೂ ಉಂಟು. ಸೆಕ್ಯೂರ್ ಬೂಟ್ ಚಾಲೂ ಇದ್ದರೆ, ಪರಿಚಿತ ಕೀಲಿಯ ಸಹಿಯಿಲ್ಲದ ಮಾಡ್ಯೂಲನ್ನು ಕರ್ನಲ್ ಸೇರಿಸಿಕೊಳ್ಳುವುದಿಲ್ಲ. ಉಬುಂಟು ಇದಕ್ಕಾಗಿ ನಿಮ್ಮ ಯಂತ್ರದಲ್ಲೇ ಒಂದು ಕೀಲಿ ತಯಾರಿಸಿ, ಪಾಸ್‌ವರ್ಡ್ ಕೇಳಿ, ಮುಂದಿನ ಬೂಟ್‌ನಲ್ಲಿ ಒಂದು ನೀಲಿ ಪರದೆ ತೋರಿಸುತ್ತದೆ. ವಿಂಡೋಸಿನ ನೀಲಿ ಪರದೆ ಕಂಡವರು ಬೆದರಿ ಕೈಕಟ್ಟಿ ಕೂರುತ್ತಾರೆ. ಹತ್ತು ಸೆಕೆಂಡು ಕೀಬೋರ್ಡಿನಲ್ಲಿ ಏನನ್ನೂ ಒತ್ತದಿದ್ದರೆ ಅದು ತಾನೇ ಮುಂದೆ ಸಾಗಿಬಿಡುತ್ತದೆ. ಕೀಲಿ ದಾಖಲಾಗುವುದಿಲ್ಲ, ಡ್ರೈವರಿಗೆ ಪ್ರವೇಶವಿಲ್ಲ. ಇಷ್ಟು ಮುಖ್ಯ ಪ್ರಶ್ನೆಯನ್ನು ಇಷ್ಟು ಅವಸರದಲ್ಲಿ ಕೇಳುವ ವಿನ್ಯಾಸವನ್ನು ಯಾರು ಒಪ್ಪಿದರೋ!

ಇಷ್ಟೂ ಸಂಗತಿ ಯಂತ್ರ ತಾನಾಗಿ ಬರೆದಿಟ್ಟಿರುತ್ತದೆ. ಕಂಟ್ರೋಲ್, ಆಲ್ಟ್, ಎಫ್3 ಒಟ್ಟಿಗೆ ಒತ್ತಿದರೆ ಎಷ್ಟೋ ಸಲ ಅಕ್ಷರಗಳ ಕನ್ಸೋಲ್ ಸಿಗುತ್ತದೆ. ಅಲ್ಲಿ ‘ಎಲ್‌ಎಸ್‌ಪಿಸಿಐ -ಕೆ’ ಎಂದರೆ ಕಾರ್ಡಿನ ಹೆಸರಿನ ಕೆಳಗೆ ಈಗ ಯಾವ ಡ್ರೈವರ್ ಬಳಕೆಯಲ್ಲಿದೆ ಎಂಬ ಸಾಲು ಬರುತ್ತದೆ. ಆ ಸಾಲೇ ಇಲ್ಲವೆಂದರೆ ಕಾರ್ಡನ್ನು ಯಾರೂ ನಡೆಸುತ್ತಿಲ್ಲ. ‘ಜರ್ನಲ್‌ಸಿಟಿಎಲ್ -ಬಿ -1’ ಹಿಂದಿನ ಬೂಟ್‌ನ ಕಥೆ ಹೇಳುತ್ತದೆ. ಕೀಲಿ ತಿರಸ್ಕೃತವಾದದ್ದೂ ಅಲ್ಲೇ, ಕಾರ್ಡು ಹಳೆಯದಾಯಿತು ಎಂಬ ದೂರೂ ಅಲ್ಲೇ. ಜಿಟಿಎಕ್ಸ್ 680ರಂಥ ಕೆಪ್ಲರ್ ಕಾರ್ಡುಗಳಿಗೆ 470ನೇ ಸರಣಿಯೇ ಕೊನೆ. ಅದಕ್ಕಿಂತ ಹೊಸ ಡ್ರೈವರ್ ಎಷ್ಟು ಸಲ ಹಾಕಿದರೂ ಅವು ಏಳುವುದಿಲ್ಲ.

ಡ್ರೈವರ್ ಮತ್ತು ಲೈಬ್ರರಿಯ ಆವೃತ್ತಿ ಹೊಂದುತ್ತಿಲ್ಲ ಎಂದು ‘ಎನ್ವಿಡಿಯಾ-ಎಸ್‌ಎಂಐ’ ಗೊಣಗಿದರೆ ಮಾತ್ರ ಗಾಬರಿಯಾಗಬೇಡಿ. ಡಿಸ್ಕಿನಲ್ಲಿ ಲೈಬ್ರರಿ ಹೊಸದಾಗಿದೆ, ಮೆಮೊರಿಯಲ್ಲಿ ಹಳೆಯ ಮಾಡ್ಯೂಲ್ ಇನ್ನೂ ಓಡುತ್ತಿದೆ. ಒಂದು ರೀಬೂಟ್‌ಗೆ ಸಾಮಾನ್ಯವಾಗಿ ಸರಿಹೋಗುತ್ತದೆ.