ಉರಿಯೊಳಗಿನ ತಂತಿಯ ಮಾತು

ಸಾಂಗ್ಲಿಯ ಸಮೀಪ, ಮಿರಜ ತಾಲೂಕಿನಲ್ಲಿ, ಕೃಷ್ಣಾ ನದಿಯ ದಂಡೆಗೆ ಕಸಬೆ ಡಿಗ್ರಜ ಎಂಬ ಊರಿದೆ. ಸುತ್ತೆಲ್ಲ ಕಬ್ಬಿನ ಸೀಮೆ. ನಮ್ಮಂತೆಯೇ ಗಡಿಯಾಚೆ ಉಳಿದ ಕನ್ನಡಿಗರು ಆ ಜಿಲ್ಲೆಯ ಜತ್ತ ಮೊದಲಾದ ಕಡೆಗಳಲ್ಲಿ ಬಹಳ ಮಂದಿ ಇದ್ದಾರೆ. ಆ ಸೀಮೆಯ ಸಕ್ಕರೆ ಕಾರ್ಖಾನೆಗಳಲ್ಲಿ ರಸ ಹಿಂಡಿ ಉಳಿದ ಕಬ್ಬಿನ ಸಿಪ್ಪೆಯೇ ಬಾಯ್ಲರಿಗೆ ಸೌದೆ.

ಸಿಪ್ಪೆಯ ತೂಕದಲ್ಲಿ ಸುಮಾರು ಅರ್ಧ ನೀರು. ಆದರೂ ಅದು ಉರಿದಾಗ ಬಾಯ್ಲರಿನ ಒಲೆಯೊಳಗಿನ ಅನಿಲದ ಉಷ್ಣತೆ 1000 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿಗೆ ಏರುತ್ತದೆ. ಇದನ್ನು ಅಳೆಯುವುದೆಂತು? ನಮ್ಮ ಶಾಲೆಯ ಉಷ್ಣಮಾಪಕದ ಪಾದರಸ 357 ಡಿಗ್ರಿಗೇ ಕುದಿದುಹೋಗುತ್ತದೆ.

ಇದಕ್ಕೆ ದಾರಿ ತೋರಿದವರು ಥಾಮಸ್ ಸೀಬೆಕ್. ಎರಡು ಬೇರೆ ಲೋಹಗಳನ್ನು ಕೂಡಿಸಿ ಒಂದು ಬೆಸುಗೆಯನ್ನು ಕಾಯಿಸಿದರೆ ವಿದ್ಯುತ್ತಿನ ಪರಿಣಾಮ ಕಾಣುತ್ತದೆಂದು ಅವರು 1821ರಲ್ಲಿ ಕಂಡರು. ಥರ್ಮೋಕಪಲ್ ಹುಟ್ಟಿದ್ದು ಹೀಗೆ. ಕಾರ್ಖಾನೆಗಳಲ್ಲಿ ಹೆಚ್ಚು ಬಳಕೆಯಲ್ಲಿರುವ ಕ್ರೋಮೆಲ್-ಅಲ್ಯೂಮೆಲ್ ಜೋಡಿ 1000 ಡಿಗ್ರಿಯಲ್ಲಿ ಸುಮಾರು 41 ಮಿಲಿವೋಲ್ಟ್ ಕೊಡುತ್ತದೆ. ಟಾರ್ಚಿನ ಒಂದು ಸೆಲ್ಲಿನ ಮೂವತ್ತಾರನೆಯ ಒಂದು ಪಾಲು!

ಆದರೆ ಒಂದು ತೊಡಕುಂಟು. ತಂತಿ ಹೇಳುವುದು ತನ್ನ ಉಷ್ಣತೆಯನ್ನು, ಅನಿಲದ್ದನ್ನಲ್ಲ. ಒಲೆಯ ಗೋಡೆಯುದ್ದಕ್ಕೂ ನೀರು ಹರಿಯುವ ಕೊಳವೆಗಳಿರುತ್ತವೆ. ಕಾದ ತಂತಿ ಆ ತಂಪಾದ ಕೊಳವೆಗಳತ್ತ ತನ್ನ ಶಾಖವನ್ನು ಸೂಸುತ್ತಲೇ ಇರುತ್ತದೆ. ಹಾಗಾಗಿ ಒಮ್ಮೊಮ್ಮೆ ನೂರು ಡಿಗ್ರಿಗೂ ಮಿಕ್ಕಿ ಕಡಿಮೆ ತೋರಿಸೀತು. ಚಳಿಗಾಲದ ಬೆಳಗ್ಗೆ ಅಂಗಳದ ಹುಲ್ಲಿನ ಮೇಲೆ ಇಬ್ಬನಿ ಕೂರುತ್ತದೆ, ಚಪ್ಪರದ ಅಡಿಯಲ್ಲಿ ಅಷ್ಟಿಲ್ಲ. ಬಯಲಿನ ಹುಲ್ಲು ಆಕಾಶಕ್ಕೆ ಶಾಖ ಸೂಸಿ ತಣಿಯುತ್ತದೆ. ಚಪ್ಪರ ಅದನ್ನು ತಡೆಯುತ್ತದೆ.

ತಂತಿಗೂ ಅಂಥದೇ ಚಪ್ಪರ ಕಟ್ಟುತ್ತಾರೆ. ಅದರ ಸುತ್ತ ಪಿಂಗಾಣಿಯ ಕವಚಗಳನ್ನಿಟ್ಟು, ಬಿಸಿ ಅನಿಲವನ್ನು ಒಳಕ್ಕೆ ರಭಸದಿಂದ ಎಳೆದು ತಂತಿಯ ಮೇಲೆ ಹಾಯಿಸುತ್ತಾರೆ. ಆಗ ತಂತಿಯ ಉಷ್ಣತೆ ಅನಿಲದ್ದಕ್ಕೆ ಬಹಳ ಹತ್ತಿರ ಬರುತ್ತದೆ. ಇದೇ ಸಕ್ಷನ್ ಪೈರೋಮೀಟರ್.

ಇಷ್ಟೆಲ್ಲ ಗೋಜು ಏಕೆಂದು ಕೇಳಬಹುದು. ಉಷ್ಣತೆ ಮಿತಿ ಮೀರಿದರೆ ಬೂದಿ ಮೆತ್ತಗಾಗಿ ಹಬೆಯ ಕೊಳವೆಗಳಿಗೆ ಅಂಟಿಕೊಳ್ಳುತ್ತದೆ, ಅನಿಲದ ದಾರಿ ಕಟ್ಟುತ್ತದೆ. ಲೋಹ ಅತಿಯಾಗಿ ಕಾದರೆ ಕೊಳವೆ ಒಡೆಯಲೂಬಹುದು. ಆಗ ಬಾಯ್ಲರಿನ ಬಳಿ ನಿಂತ ಕಾರ್ಮಿಕನ ಜೀವಕ್ಕೇ ಅಪಾಯ. ಗಾಣ ನಿಂತರೆ, ಕಡಿದ ಕಬ್ಬು ಗಾಡಿಯಲ್ಲೇ ಒಣಗಿ ತೂಕ ಇಳಿಯುತ್ತದೆ. ತೂಕಕ್ಕೆ ತಕ್ಕ ಹಣ ಎಣಿಸುವ ರೈತನಿಗೆ ಅದು ನೇರ ನಷ್ಟ.

ಮುಳ್ಳು ತೋರಿಸಿದ್ದನ್ನು ಬರೆದುಕೊಳ್ಳಿರೆಂದು ನಾವು ಮಕ್ಕಳಿಗೆ ಹೇಳುತ್ತೇವೆ. ಅದು ಯಾವುದರ ಉಷ್ಣತೆಯೆಂದು ಕೇಳುವುದನ್ನೂ ಕಲಿಸಬೇಕು.